ಗಲುಬೋಯ್ ಅಂದರೆ

ಮೈಸೂರು ರೋಡು, ಕೆಳಗೆ ಟಿಂಬರ್ ಯಾರ್ಡು, ಮೇಲೆ ನಾವು.
ಗರಗಸ ನಿಂತ ಮೇಲಷ್ಟೇ ನಮ್ಮ ಡಬ್ಬಿಂಗು.
ರಷ್ಯನ್ ಸೀರಿಯಲ್ಲು, ಕನ್ನಡ ಮಾತು,
ಸಾಲಿಗೆ ಎಂಟು ರೂಪಾಯಿ.
ಅವರ ತುಟಿ ಮುಚ್ಚಿದಲ್ಲಿ ನನ್ನದೊಂದು ಪ, ಬ, ಮ ಸಿಕ್ಕರೆ
ಆ ರಾತ್ರಿಗೆ ಅದೇ ಸುಖ.

ಏಳನೇ ಕಂತಿನಲ್ಲಿ ಅವನು ಬರುತ್ತಾನೆ.
ಹೆಸರಿಲ್ಲ. ಪಾತ್ರಪಟ್ಟಿಯಲ್ಲಿ ಬರೀ 'ಹೇರ್ ಡ್ರೆಸ್ಸರ್'.
ಕತ್ತಿಗೆ ರೇಷ್ಮೆ ವಸ್ತ್ರ, ಸೊಂಟಕ್ಕೆ ಸ್ವಂತ ಸಂಗೀತ:
ಬಾಗಿಲು ತೆರೆದರೆ ಸಾಕು, ಕ್ಲಾರಿನೆಟ್ಟು ಕಿಸಕ್ಕನೆ ನಗುತ್ತದೆ.
ಪೋಲೀಸು ನಾಯಕ ಒಮ್ಮೆ ನೋಡಿ
ಒಂದೇ ಮಾತು ಉಗಿಯುತ್ತಾನೆ: ಗಲುಬೋಯ್.

ಗಲುಬೋಯ್ ಅಂದರೆ ತಿಳಿನೀಲಿ.
ಎಂಬತ್ತೇಳರ ಸಂಜೆ ಕ್ಲಾಸಿನಲ್ಲಿ ಗಲೀನಾ ಮೇಡಂ
ಬೋರ್ಡಿನ ಮೇಲೆ ಬರೆದು ಕಿಟಕಿ ತೋರಿಸಿದ್ದರು:
'ನಿಮ್ಮ ಡಿಸೆಂಬರಿನ ಆಕಾಶ.'
ಪಾರಿವಾಳಕ್ಕೂ ಅದೇ ಬೇರು ಅಂದಾಗ
ಶಿವಾಜಿನಗರದ ತಾರಸಿಗಳೆಲ್ಲ
ನನ್ನ ಇಪ್ಪತ್ತರ ತಲೆಯೊಳಗೆ ಪಟಪಟನೆ ಎದ್ದಿದ್ದವು.
ಇನ್ನೊಂದು ಅರ್ಥ ಅವರು ಹೇಳಲಿಲ್ಲ.
ನಾನೂ ಆಗ ಯಾರಿಗೂ ಹೇಳಿರಲಿಲ್ಲ.

ಗಾಜಿನಾಚೆಯಿಂದ ಜಯಕೀರ್ತಿ: 'ಏನ್ ಸಾರ್ ಇಷ್ಟು ಯೋಚ್ನೆ?
ಒಂಬತ್ತು ಅಂತ ಹಾಕಿ. ತುಟಿಗೂ ಕೂರತ್ತೆ.'
ಕೂರುತ್ತದೆ, ನಿಜ.
ಮೂರಕ್ಕೆ ಮೂರು ಅಕ್ಷರ, ಬ ಎದುರು ಬ.
ಹೈಸ್ಕೂಲಿನ ಬೆಂಚಿನಲ್ಲಿ, ನಾನು ಕೂರುವ ಜಾಗದಲ್ಲೇ,
ಯಾರೋ ಕೈವಾರದಿಂದ ಕೆತ್ತಿದ್ದ ಅಂಕಿ.
ನನ್ನ ಹಾಜರಿ ನಂಬರು ಮೂವತ್ತೊಂದು.

ಚನ್ನವೀರ, ಪುರಾಣದ ಸೀರಿಯಲ್ಲುಗಳಿಗೆಲ್ಲ ರಾಕ್ಷಸನ ಗಂಟಲು,
ಹೆಡ್‌ಫೋನ್ ಸರಿಮಾಡಿಕೊಂಡು ಕೇಳುತ್ತಾನೆ: 'ಯಾವ ದನಿ?'
'ಅದೇ ಕಣೋ. ಆ ದನಿ. ಗೊತ್ತಲ್ಲ.'
ಗೊತ್ತು.
ಮಾಸ್ಕೋದಿಂದ ಮೈಸೂರು ರೋಡಿನವರೆಗೆ
ಆ ದನಿಗೆ ವೀಸಾ ಬೇಡ.

ಹೋದ ತಿಂಗಳು ಬಂದದ್ದು ಬೇರೆ ಬಗೆ. ಹಿಮದ ಸಿನಿಮಾ.
ಅಡುಗೆಮನೆ, ಇಬ್ಬರು ಗಂಡಸರು, ಹೊಗೆಯಾಡುವ ಎರಡು ಲೋಟ.
ಒಬ್ಬ ಮತ್ತೊಬ್ಬನ ಕೈಯ ಕಡೆಗೆ
ಅಷ್ಟರಲ್ಲಿ ಕಿಟಕಿಯಾಚೆ ಬೆಳಗಾಗಿದೆ.
ಕಂಠಮಟ್ಟ ಇದ್ದ ಚಹಾ ತಳ ಕಂಡಿದೆ.
ಕತ್ತರಿ ಎಲ್ಲಿ ಆಡಿತೆಂದು ಲೋಟವೇ ಹೇಳುತ್ತದೆ.
ಆ ತೂತಿಗೆ ಮಾತಿಲ್ಲ, ಸಾಲಿಲ್ಲ, ಎಂಟು ರೂಪಾಯಿಯೂ ಇಲ್ಲ.
ನಗಿಸಲಿಕ್ಕೆ ಬಂದವನು ಇರಬಹುದು.
ಚಹಾ ಕುಡಿಯಲಿಕ್ಕೆ ಬಂದವನು ಹೋಗಬೇಕು.

ಮನೆಯಲ್ಲಿ ಮುನಿಯಲ್ಲಪ್ಪ. ಬಸ್ ಡಿಪೋದ ಮೆಕ್ಯಾನಿಕ್ಕು.
ಹದಿನೇಳು ವರ್ಷದಿಂದ, ಓನರಮ್ಮನ ಲೆಕ್ಕದಲ್ಲಿ, ನನ್ನ ರೂಂಮೇಟು.
ಒಂದು ಕಂತು ಲ್ಯಾಪ್‌ಟಾಪಿನಲ್ಲಿ ನೋಡಿ
'ಇವ್ನು ಯಾಕಿಂಗೆ ನಡೀತಾನೆ, ಸೊಂಟ ಉಳುಕಿದ್ಯಾ?' ಅಂದ,
ಉಗುರಿನ ಗ್ರೀಸನ್ನು ಬೆಂಕಿಕಡ್ಡಿಯಲ್ಲಿ ಕೆರೆಯುತ್ತ.
ಮುದ್ದೆ ಗಂಟಾಗಿದೆ ಅಂತ ಬೈದ. ಮಲಗಿದ.
ಅವನು ಬಂದಾಗ ನಮ್ಮ ಬಾಗಿಲಲ್ಲಿ ಕ್ಲಾರಿನೆಟ್ಟಿಲ್ಲ,
ಚಿಲಕ, ಅದೂ ಎರಡು ಸಲ ಎಳೆಯಬೇಕು.
ಈ ಮನುಷ್ಯನನ್ನು ಯಾವ ಕ್ಯಾಮೆರಾ
ಏನೆಂದು ತೋರಿಸೀತು?

ಒಂಬತ್ತು ಉಳಿಯಿತು. ಜಗಳವಾಡಿದೆ, ಸೋತೆ,
ಎಂಟು ರೂಪಾಯಿ ಎಣಿಸಿಕೊಂಡೆ.

ಆದರೆ ಡಬ್ಬಿಂಗಿನವರಿಗೆ ಒಂದು ಗುಟ್ಟು ಗೊತ್ತು:
ಪಾತ್ರ ಬೆನ್ನು ತಿರುಗಿಸಿದರೆ ತುಟಿಯ ಹಂಗಿಲ್ಲ.
ಹನ್ನೊಂದನೇ ಕಂತು. ಅವನು ಅಂಗಡಿಯ ಷಟರ್ ಎಳೆದು
ಹಿಮದಲ್ಲಿ ನಡೆದು ಹೋಗುತ್ತಾನೆ. ಮೂಲದಲ್ಲಿ ಬರೀ ಗಾಳಿ.
ನಾಲ್ಕು ಸೆಕೆಂಡು.
ನಾನು ಬರೆದೆ: 'ಲೇಟಾಯ್ತು. ಊಟ ಮಾಡ್ದೆ ಕಾಯ್ತಿರ್ತಾನೆ.'

ಚನ್ನವೀರ ಕಾಗದ ನೋಡಿದ. ನನ್ನನ್ನು ನೋಡಿದ.
ನೀರು ಕುಡಿದ.
ಆಮೇಲೆ ಹೇಳಿದ, ಆ ದನಿಯಲ್ಲಲ್ಲ, ರಾಕ್ಷಸನದ್ದಲ್ಲ,
ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಾನಲ್ಲ, ಅದರಲ್ಲಿ.

ಕೆಂಪು ದೀಪ ಆರಿತು.
'ಇದು ಮೂಲದಲ್ಲಿತ್ತಾ ಸಾರ್?' ಜಯಕೀರ್ತಿ ಕೇಳಿದ.
ಇತ್ತು, ಅಂದೆ.